ಪಾಯದ ಗುಂಡಿ

"ಇದೇನೇ ಇದು, ದರಿದ್ರ ಮುಂಡೇದೆ? ಪ್ರತಿಮೆಗೆ ಪಾಯ ತೋಡು ಅಂದ್ರೆ ಹೆಣದ ಗುಂಡಿ ತೋಡಿಟ್ಟಿದ್ದೀಯಲ್ಲೇ! ಯಾರಿಗೆ ಇದು? ನಿಮ್ಮಪ್ಪನಿಗಾ?"

ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದ, ಹೆಣದ ಗುಂಡಿ ತೋಡುವ ಮನೆಯ ಸೊಸೆ ತಲೆಯೆತ್ತಿದಳು. ಮೊದಲು ಕಂಡಿದ್ದು ಎರಡು ಬೂಟು, ಅದರ ಮೇಲೆ ಒಂದು ಹೊಟ್ಟೆ, ಹೊಟ್ಟೆಯ ಮೇಲೆ ಮೂಗಿಗೆ ಒತ್ತಿ ಹಿಡಿದ ಬಿಳಿ ಕರ್ಚೀಫು. ನಗರಸಭೆಯ ಈ ಮೇಲ್ವಿಚಾರಕ ಸ್ಮಶಾನಕ್ಕೆ ಬಂದಾಗ ಆ ಬಟ್ಟೆಯನ್ನು ಮುಖದಿಂದ ಇಳಿಸಿದವನೇ ಅಲ್ಲ. ಆ ಮನೆಯವರು ಅವನನ್ನು ಕರೆಯುತ್ತಿದ್ದುದೂ ಕರ್ಚೀಫು ಎಂದೇ, ಅವನ ಬೆನ್ನ ಹಿಂದೆ. ಬಾಯಿಗೆ ಬಟ್ಟೆ ಅಡ್ಡ ಇದ್ದರೂ ಬೈಗುಳ ಮಾತ್ರ ಸೋಸದೆ ಹೊರಗೆ ಬರುತ್ತಿತ್ತು.

ಸೊಸೆ ತಾನು ತೋಡಿದ್ದನ್ನು ತಾನೇ ಒಮ್ಮೆ ನೋಡಿದಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆಳಿಗ್ಗೆ ಅವನು ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಚೌಕ ಎಳೆದು ಹೋಗಿದ್ದ. ಅವಳ ಹಾರೆ ಆ ಚೌಕದ ಒಂದು ಅಂಚು ಹಿಡಿದು, ಆಳಿನುದ್ದ ಹೋಗಿ, ಅಲ್ಲಿಂದ ತಿರುಗಿ, ಗೋಡೆಯನ್ನು ನೆಟ್ಟಗೆ ಇಳಿಸಿ, ತಲೆ ಬರುವ ಕಡೆ ಒಂದು ಗೇಣು ಅಗಲ ಹೆಚ್ಚು ಬಿಟ್ಟು ಕೆಳಗಿಳಿದಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಕೈ ಕಲಿತದ್ದು ಅದೊಂದೇ ಗುಂಡಿ. ಇದು ಕಂಚಿನ ಮನುಷ್ಯನಿಗೆ ಎಂದು ಕೈಗೇನು ಗೊತ್ತು? ಅವಳಿಗೆ ನಗು ಬಂತು. ಪಕ್ಕದಲ್ಲಿ ಮಣ್ಣು ಎತ್ತುತ್ತಿದ್ದ ಗಂಡನಿಗೂ ನಗು ಬಂದು, ಅದು ಕೆಮ್ಮಾಗಿ ಹೊರಬಿತ್ತು.

"ಹಲ್ಲು ಕಿಸೀತಾಳೆ ನೋಡು! ದೊಡ್ಡ ಧಣಿಗಳಿಗೆ ಇನ್ನೊಂದು ಸಲ ಗುಂಡಿ ತೋಡಿದ್ದಾರೆ ಅಂತ ಅಧ್ಯಕ್ಷರಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ. ಅವರ ತಾತ ಕಣೇ! ಅಗಲ ಮಾಡು. ಚೌಕ ಅಂದ್ರೆ ಚೌಕ."

"ಮಾಡ್ತೀನಿ ಸ್ವಾಮಿ. ಆದ್ರೆ ಇಲ್ಲಿ ಮೂಳೆ ಸಿಗ್ತಾ ಇದೆ."

"ಸ್ಮಶಾನದಲ್ಲಿ ಮೂಳೆ ಸಿಗದೆ ಮುತ್ತು ಸಿಗುತ್ತಾ?"

"ಒಂದಲ್ಲ ಸ್ವಾಮಿ. ರಾಶಿ."

ಅವಳು ಪಕ್ಕಕ್ಕೆ ಸರಿದು ತೋರಿಸಿದಳು. ಒಬ್ಬರ ಕಾಲಿನ ಮೂಳೆ ಇನ್ನೊಬ್ಬರ ಪಕ್ಕೆಲುಬಿನ ಮೇಲೆ, ದೊಡ್ಡ ತಲೆಬುರುಡೆಯ ಒತ್ತಿನಲ್ಲಿ ಚಿಕ್ಕದು, ನಡುವೆ ಗಟ್ಟಿಯಾದ ಸುಣ್ಣದ ಹೆಂಟೆಗಳು. ಪೆಟ್ಟಿಗೆಯ ಮೊಳೆಯಿಲ್ಲ, ಸುತ್ತಿದ ಬಟ್ಟೆಯ ಚೂರೂ ಇಲ್ಲ. ಹೂಳಿದ ಹಾಗಿರಲಿಲ್ಲ, ಸುರಿದ ಹಾಗಿತ್ತು. ಕರ್ಚೀಫು ಒಮ್ಮೆ ಬಗ್ಗಿ ನೋಡಿ, ಹಾವು ಕಂಡವನಂತೆ ಹಿಂದೆ ಸರಿದು ಉಗಿದ.

"ಥೂ! ಸಿಮೆಂಟ್ ಚೀಲ ಬಿದ್ದಿದೆಯಲ್ಲ, ತುಂಬಿ ಹಿಂದಿನ ಮೋರಿಗೆ ಎಸಿ. ಗೇಟಿನ ಕಡೆಯಿಂದ ಒಯ್ಯಬೇಡ, ಜನ ಓಡಾಡ್ತಿರ್ತಾರೆ."

"ಗೇಟಿಂದ ನಾವ್ಯಾವಾಗ ಹೋಗಿದ್ದೀವಿ ಸ್ವಾಮಿ?" ಎಂದ ಗಂಡ. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಅಂಥ ಧೈರ್ಯ ಅವನ ಮೈಯಲ್ಲಿರಲಿಲ್ಲ.

ಗೇಟಿನ ಕಮಾನಿನ ಮೇಲೆ 'ಸಾರ್ವಜನಿಕ ಸ್ಮಶಾನ' ಎಂದು ಕಬ್ಬಿಣದ ಅಕ್ಷರಗಳಲ್ಲಿ ಬರೆದಿತ್ತು. ಒಳಗೆ ಬಂದರೆ ಮೇಲಿನ ನೆಲ. ಅಲ್ಲಿ ನೆರಳು, ಕಲ್ಲುಬೆಂಚು, ಅಮೃತಶಿಲೆ. ಇಳಿಜಾರಿನಲ್ಲಿ ಮೋರಿಯ ಪಕ್ಕ ಕೆಳಗಿನ ನೆಲ. ಅಲ್ಲಿ ಬಡವರು, ಅವರಿಗಿಂತ ಕೆಳಗೆ, ನೀರಿಗೆ ಒತ್ತಿಕೊಂಡು, ಗುಂಡಿ ತೋಡುವವರು. ಅಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಮೋರಿಯ ನೀರು ಬುಗ್ಗೆಯಾಗಿ ಏಳುತ್ತಿತ್ತು. ಹೆಣ ಇಳಿಸಿದರೆ ತೇಲುತ್ತದೆ. ಮಣ್ಣು ಬೀಳುವ ತನಕ ಯಾರಾದರೊಬ್ಬರು ಅದರ ಎದೆಯ ಮೇಲೆ ಕಾಲಿಟ್ಟು ಒತ್ತಿ ಹಿಡಿಯಬೇಕು. ತನ್ನ ಮಾವನನ್ನು ಸೊಸೆ ಹಾಗೆ ಒತ್ತಿ ಹಿಡಿದಿದ್ದಳು, ತನ್ನದೇ ಎಳೆಗೂಸನ್ನು ಗಂಡ ಒಂದೇ ಪಾದದಲ್ಲಿ ಒತ್ತಿ ಹಿಡಿದಿದ್ದ. ಆ ದಿನದಿಂದ ಅವನು ಆ ಕಾಲನ್ನು ಸ್ವಲ್ಪ ಎಳೆದೇ ನಡೆಯುತ್ತಾನೆ. ಕಾಲಿಗೆ ಏನೂ ಆಗಿಲ್ಲ. ಇವರ ಹೆಣವೂ ಇವರೂ ಒಳಗೆ ಬರಬೇಕಾದ ದಾರಿ ಹಿಂದಿನ ಗೋಡೆಯಲ್ಲಿದ್ದ ಒಂದು ಸಂದಿ, ಕಸದ ಗಾಡಿ ಬರುವುದೂ ಅದರಲ್ಲೇ.

ಇಂಥ ಸ್ಮಶಾನಕ್ಕೆ ಈಗ ನಗರಸಭೆ ಹುಟ್ಟುಹಬ್ಬ ಮಾಡಲು ಹೊರಟಿತ್ತು. ಜಾಗವನ್ನು ಊರಿಗೆ ದಾನ ಕೊಟ್ಟವನು ಅಧ್ಯಕ್ಷನ ತಾತ, ದೊಡ್ಡ ಧಣಿ. ಗೇಟಿನ ನೇರಕ್ಕೆ ಅವನ ಕಂಚಿನ ಪ್ರತಿಮೆ ನಿಲ್ಲಬೇಕು. ಮೇಲಿನ ನೆಲದ ಮೂಲೆಯಲ್ಲಿದ್ದ ಅವನ ಗೋರಿಯನ್ನು ತೆರೆದು, ಅಸ್ಥಿಯನ್ನು ಮೆರವಣಿಗೆಯಲ್ಲಿ ತಂದು ಪ್ರತಿಮೆಯ ಪಾಯದಲ್ಲಿ ಇಡಬೇಕು. ಅದರ ಮೇಲೆ ಮೊದಲ ಬಾಂಡಲಿ ಕಾಂಕ್ರೀಟನ್ನು ಮೊಮ್ಮಗ ಅಧ್ಯಕ್ಷನೇ ಸ್ವಹಸ್ತದಿಂದ ಸುರಿಯಬೇಕು. ಪೀಠದ ಕಲ್ಲಿನಲ್ಲಿ ಧಣಿ ಆಡಿದ್ದನೆನ್ನುವ ಮಾತನ್ನು ಆಗಲೇ ಕೆತ್ತಿ ತಂದಿದ್ದರು: 'ಬದುಕಿನಲ್ಲಿ ಬೇರೆಯಾದರೂ ಸಾವಿನಲ್ಲಿ ನಾನು ನಿಮ್ಮ ನಡುವೆಯೇ ಮಲಗುತ್ತೇನೆ.' ಅದನ್ನು ಓದಿ ಕಣ್ಣೊರೆಸಿಕೊಳ್ಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು.

ಸೊಸೆ ಚೀಲ ತುಂಬಿದಳು, ಹೊತ್ತಳು, ಸಂದಿಯಿಂದ ಆಚೆ ಹೋದಳು. ಮೋರಿಯ ದಂಡೆಯಲ್ಲಿ ಒಂದು ಕ್ಷಣ ನಿಂತಳು. ಕಪ್ಪು ನೀರಿನಲ್ಲಿ ಊರಿನ ಮಲ, ಹಳೆ ಚಪ್ಪಲಿ, ಹೊಟ್ಟೆ ಉಬ್ಬಿದ ಒಂದು ಹಂದಿ. ದಿನಾ ಕಾಣುವ ನೀರೇ ಅದು. ಚೀಲವನ್ನು ಎಸೆಯದೆ, ಮೋರಿಗೆ ಅಡ್ಡ ಹಾಕಿದ ಹಲಗೆ ದಾಟಿ, ಆಚೆ ದಡದ ಗುಡಿಸಲಿಗೆ ಹೊತ್ತುಕೊಂಡು ಹೋದಳು.

*

ಅತ್ತೆ ಚಾಪೆಯ ಮೇಲಿದ್ದಳು. ಅವಳು ತಾನಾಗಿ ಎದ್ದು ಕೂತು ಬಹಳ ದಿನವಾಗಿತ್ತು. ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಇನ್ನೂ ಹರೆಯದ್ದು.

"ಏನೇ ಅದು?"

"ಮೂಳೆ."

"ಸದ್ದಿನಲ್ಲೇ ಗೊತ್ತಾಯ್ತು ಬಿಡು. ಎಲ್ಲಿದು?"

"ಗೇಟಿನ ಒಳಗಡೆ, ಪ್ರತಿಮೆ ನಿಲ್ಲಿಸೋ ಜಾಗದಲ್ಲಿ. ಸುಣ್ಣ ಮೆತ್ತಿದೆ."

ಮುದುಕಿ ಗೋಡೆ ಹಿಡಿದು ಎದ್ದು ಕೂತಳು. ಚೀಲವನ್ನು ತನ್ನ ಕಡೆ ಎಳೆದುಕೊಂಡು, ಕಾಳಿನ ಮೂಟೆಗೆ ಕೈ ಹಾಕಿದಂತೆ ಒಳಗೆ ಕೈ ಹಾಕಿ ತಡವಿದಳು. ಬಹಳ ಹೊತ್ತು ತಡವಿದಳು.

"ನಮ್ಮವ್ವ ಇದರಲ್ಲಿದ್ದಾಳೆ ಕಣೇ," ಎಂದಳು. "ಯಾವುದು ಅವಳದು ಅಂತ ನನ್ನನ್ನ ಕೇಳಬೇಡ."

ಗಂಡ ಬಾಗಿಲಲ್ಲೇ ನಿಂತ. "ಅವ್ವಾ, ಅದನ್ನ ಬಿಡು. ಮೋರಿಗೆ ಹಾಕು ಅಂದಿದ್ದಾರೆ."

"ನಿನ್ನನ್ನ ಹಾಕಬೇಕು ಮೋರಿಗೆ! ಕೂತ್ಕೋ, ಕೇಳು. ನಾನು ಇಷ್ಟುದ್ದ ಇದ್ದೆ. ಅಲ್ಲಿ ಗೋಡೆ ಎಲ್ಲಿತ್ತು, ಗೇಟು ಎಲ್ಲಿತ್ತು? ನಮ್ಮ ಗುಡಿಸಲು ಇದ್ವು. ಮಾಡಿನ ಮೇಲೆಲ್ಲ ಕುಂಬಳದ ಬಳ್ಳಿ. ಊರಿಗೆ ವಾಂತಿಭೇದಿ ಬಂತು. ಹೆಂಡ್ತಿ ಸತ್ರೆ ಗಂಡ ಮುಟ್ಟಲಿಲ್ಲ, ಅಪ್ಪ ಸತ್ರೆ ಮಗ ಮುಟ್ಟಲಿಲ್ಲ, ಸೂಳೆಮಕ್ಕಳು. ಗಾಡಿಯಲ್ಲಿ ತಂದು ನಮ್ಮ ಬಾಗಿಲಿಗೆ ಸುರಿದು ಓಡಿ ಹೋದ್ರು. ನಮ್ಮಪ್ಪ, ಚಿಕ್ಕಪ್ಪಂದಿರು ಸೇರಿ ಉದ್ದಕ್ಕೆ ಒಂದೇ ಗುಂಡಿ ತೋಡಿದ್ರು. ಹೆಣ ಹಾಕಿದ್ದು, ಸುಣ್ಣ ಹಾಕಿದ್ದು, ಮತ್ತೆ ಹೆಣ ಹಾಕಿದ್ದು. ಮುಟ್ಟಿದವರಿಗೆ ಬರದೆ ಇರುತ್ತಾ? ನಮ್ಮವ್ವ ಕೂತಲ್ಲೇ ಹೇತು ಹೇತು ಸತ್ಲು. ಅವಳನ್ನೂ ಅದೇ ಗುಂಡಿಗೆ ಹಾಕಿದ್ರು, ಎಲ್ಲರ ಮೇಲೆ. ಅವಳ ಮೇಲೆ ಮಣ್ಣು."

"ಆಮೇಲೆ?" ಎಂದಳು ಸೊಸೆ. ತುಂಡುತುಂಡಾಗಿ ಕೇಳಿದ್ದ ಕಥೆಯೇ. ಮೂಳೆಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದ್ದು ಇದೇ ಮೊದಲು.

"ಆಮೇಲೇನು? ಕಾಯಿಲೆ ಹೋಯ್ತು, ಊರಿಗೆ ಮೂಗು ಬಂತು. ಹೊಲಸು ಹುಟ್ಟಿದ್ದೇ ಇಲ್ಲಿಂದ ಅಂತ ನಮ್ಮ ಗುಡಿಸಲಿಗೆ ಬೆಂಕಿ ಇಟ್ರು. ನಮ್ಮನ್ನ ಮೋರಿ ಆಚೆಗೆ ಓಡಿಸಿದ್ರು. ಧಣಿ ಸುತ್ತ ಗೋಡೆ ಎಬ್ಬಿಸಿ, ಊರಿಗೆ ದಾನ ಕೊಟ್ಟೆ ಅಂದ. ಯಾವನ ಜಾಗ ಯಾವನು ದಾನ ಕೊಡೋದು? ಅವನು ಕೊಟ್ಟಿದ್ದು ಒಂದು ಗೇಟು. ಅವನ ಬಾಯಿಗೆ ನಾನು..."

ಮುದುಕಿ ಬೈಗುಳವನ್ನು ಅರ್ಧಕ್ಕೆ ಬಿಡುವವಳಲ್ಲ. ಪೂರ್ತಿ ಹೇಳಿ ಮುಗಿಸಿದಳು, ಮಗ ಕಿವಿ ಮುಚ್ಚಿಕೊಂಡ. ಆಮೇಲೆ ಸೊಸೆಯ ಮುಂಗೈ ಹಿಡಿದುಕೊಂಡಳು.

"ನನಗೆ ಇನ್ನೇನು ದಿನ ಉಳಿದಿಲ್ಲ. ನನ್ನನ್ನ ಆ ನೀರಲ್ಲಿ ಮುಳುಗಿಸಬೇಡ. ನಮ್ಮವ್ವನ್ನ ಅವಳ ಜಾಗಕ್ಕೇ ವಾಪಸ್ ಹಾಕು. ಪಕ್ಕದಲ್ಲಿ ನನಗೆ ಒಂದಿಷ್ಟು ಜಾಗ ಬಿಡು. ಮೇಲೆ ಮಣ್ಣು ಹಾಕು, ಬೇರೇನೂ ಬೇಡ."

"ಅಲ್ಲಿ ಕಾಂಕ್ರೀಟು ಸುರೀತಾರೆ ಅತ್ತೆ."

"ಸುರಿಯೋಕೆ ಬಿಡಬೇಡ," ಎಂದಳು ಮುದುಕಿ, ಕೋಳಿಯನ್ನು ಒಳಗೆ ಬಿಡಬೇಡ ಎಂದಷ್ಟು ಸಲೀಸಾಗಿ.

*

ಮರುದಿನ ಸೊಸೆ ಅಧ್ಯಕ್ಷನ ಮನೆಗೆ ಹೋದಳು. ಮೆಟ್ಟಿಲ ಕೆಳಗೆ ಆಳೊಬ್ಬ ಕಾರು ತೊಳೆಯುತ್ತಿದ್ದ. ಆ ನೊರೆನೀರು ಹರಿಯುವ ಜಾಗವನ್ನೇ ಅವಳಿಗೆ ನಿಲ್ಲಲು ತೋರಿಸಿದರು. ಮೇಲೆ ಜಗಲಿಯಲ್ಲಿ ಅಧ್ಯಕ್ಷ, ಪುರೋಹಿತ ಮತ್ತು ನಿವೃತ್ತ ಮೇಷ್ಟ್ರು ಟೀ ಕುಡಿಯುತ್ತಿದ್ದರು. ಸ್ಮಶಾನದ ಚರಿತ್ರೆ ಬರೆಯುವ ಕೆಲಸವನ್ನು ಮೇಷ್ಟ್ರಿಗೆ ಒಪ್ಪಿಸಿದ್ದರು. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದುತ್ತಿದ್ದರು.

"'ಅಂದು ಈ ನೆಲ ಜನವಸತಿಯಿಲ್ಲದ, ಹುಲ್ಲೂ ಚಿಗುರದ ಬರಡು ಭೂಮಿಯಾಗಿತ್ತು. ಧಣಿಗಳ ಪಾದಸ್ಪರ್ಶವಾದ ಮೇಲೆ...'"

"ನಮ್ಮ ಗುಡಿಸಲು ಇದ್ವಂತೆ ಮೇಷ್ಟ್ರೇ," ಎಂದಳು ಸೊಸೆ ಕೆಳಗಿನಿಂದ. "ಕುಂಬಳಕಾಯಿ ಬೆಳೀತಿದ್ರಂತೆ."

ಮೇಷ್ಟ್ರು ಓದು ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಮೃದು ಮಾತಿನವರು. "ಜನವಸತಿ ಅಂದ್ರೆ ಜನ ಕಣಮ್ಮ," ಎಂದರು ತಾಳ್ಮೆಯಿಂದ. "ನಿಮ್ಮನ್ನ ಬಿಟ್ಟಿಲ್ಲ. 'ಕೆಲವು ಅಲೆಮಾರಿಗಳು' ಅಂತ ಮುಂದೆ ಒಂದು ಕಡೆ ಬರುತ್ತೆ."

ಅಧ್ಯಕ್ಷ ಬಾಯ್ತುಂಬ ನಕ್ಕ. ನಗುವ ಮನುಷ್ಯ ಅವನು, ಊರೆಲ್ಲ ಹೊಗಳುವುದೂ ಆ ನಗುವನ್ನೇ. "ಏನಮ್ಮ, ನಿನ್ನ ಸಮಾಚಾರ?"

"ಪಾಯನ ಸ್ವಲ್ಪ ಆಚೆಗೆ ಸರಿಸಬೇಕು ಸ್ವಾಮಿ. ಅಲ್ಲಿ ನಮ್ಮವರ ಮೂಳೆ ಇದೆ. ನಮ್ಮತ್ತೆಯ ಅವ್ವ ಇದ್ದಾಳೆ. ವಾಂತಿಭೇದಿಯಲ್ಲಿ ಹೋದವರು, ಊರಿನವರೂ ಅದೇ ಗುಂಡಿಯಲ್ಲಿದ್ದಾರೆ."

"ಊರಿನವರು ಅಲ್ಲಿ ಯಾಕಿರ್ತಾರೆ?" ಎಂದ ಪುರೋಹಿತ, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು. ಅವಳಿಗೂ ಅವನಿಗೂ ನಡುವೆ ಆಗಲೇ ಇಡೀ ಮೆಟ್ಟಿಲ ಸಾಲಿತ್ತು. "ಊರಿನವರಿಗೆ ಹೆಸರಿದೆ, ಕಲ್ಲಿದೆ. ದಿಕ್ಕುದೆಸೆ ಇಲ್ಲದ ಮೂಳೆಗೆ ಶಾಸ್ತ್ರವೂ ಇಲ್ಲ, ಶಾಂತಿಯೂ ಇಲ್ಲ. ಅದು ಎಲ್ಲಿದ್ರೇನು?"

"ಕೇಳಿದೆಯಾ?" ಎಂದ ಅಧ್ಯಕ್ಷ. "ಗೇಟು ತೆರೆದ ಕೂಡಲೇ ತಾತ ಕಾಣಬೇಕು. ನಿಮ್ಮ ಮೂಳೆಗೆ ಜಾಗ ಬೇಕು ಅಂತ ತಾತನ್ನ ಮೂಲೆಗೆ ನಿಲ್ಲಿಸ್ಲಾ? ಹೋಗು, ಮೊದಲು ಕೆಲಸ ಮುಗಿಸು. ಆ ಕಾರಿನ ಹತ್ರ ಕೈ ಇಡಬೇಡ, ಈಗಷ್ಟೇ ತೊಳೆದಿದ್ದಾನೆ."

ಅವಳು ತಿರುಗಿ ಗೇಟು ದಾಟುವಷ್ಟರಲ್ಲಿ ಹಿಂದೆ ನೀರು ಸುರಿದ ಸದ್ದಾಯಿತು. ಆಳು ಅವಳು ನಿಂತಿದ್ದ ಜಾಗವನ್ನು ಪೊರಕೆ ಹಾಕಿ ಉಜ್ಜುತ್ತಿದ್ದ. ಅವನೂ ಅವಳ ಕಡೆ ನೋಡಲಿಲ್ಲ.

*

ಸಮಾರಂಭದ ಹಿಂದಿನ ದಿನ ಧಣಿಯ ಗೋರಿ ತೆರೆಯಬೇಕಿತ್ತು. ಸುತ್ತ ಬಟ್ಟೆ ಕಟ್ಟಿ ಮರೆ ಮಾಡಿದ್ದರು. ಅಮೃತಶಿಲೆಯ ಚಪ್ಪಡಿ ಸರಿಸಿ, ಗಂಡ ಹೆಂಡತಿ ಇಬ್ಬರೂ ಅಗೆದರು. ಒಳ್ಳೆಯ ಮರದ ಪೆಟ್ಟಿಗೆ, ಹಿತ್ತಾಳೆಯ ಪಟ್ಟಿ. ಮುಚ್ಚಳ ಸಡಿಲವಾಗಿತ್ತು. ಗಂಡ ಬರಿಗೈಯಲ್ಲಿ ಅದನ್ನು ಎತ್ತಿದ.

ಒಳಗೆ ಕಲ್ಲುಗಳಿದ್ದವು. ಹೊಳೆಯ ನುಣುಪು ಕಲ್ಲು, ಅವು ಅಲ್ಲಾಡದಂತೆ ನಡುವೆ ಒತ್ತಿ ತುರುಕಿದ್ದು ಕೊಳೆತು ಪುಡಿಯಾದ ಹುಲ್ಲು. ಧಣಿಯ ಒಂದು ಹಲ್ಲೂ ಇರಲಿಲ್ಲ.

ಕರ್ಚೀಫಿಗೆ ನಿಂತಲ್ಲೇ ಬೆವರಿತು. ಅವನು ಓಡಿ ಹೋಗಿ ಅಧ್ಯಕ್ಷನನ್ನು ಕರೆತಂದ. ಅಧ್ಯಕ್ಷ ಬಗ್ಗಿ ನೋಡಿದ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ, ಸ್ವಲ್ಪ ಬೇಸರವಾಗಿತ್ತು ಅಷ್ಟೇ.

"ಓ, ಹೌದಲ್ಲ. ಅಪ್ಪ ಒಂದು ಸಲ ಹೇಳಿದ್ರು, ಮರೆತೇ ಹೋಗಿತ್ತು. ತಾತ ನಮ್ಮ ತೋಟದಲ್ಲಿದ್ದಾರೆ ಕಣಯ್ಯ. ಸಾಯೋ ಮುಂಚೆ ಮನೆಯವರ ಹತ್ರ ಆಣೆ ಹಾಕಿಸ್ಕೊಂಡಿದ್ರಂತೆ, ಆ ಹೊಲಸು ಹೆಣಗಳ ಮಧ್ಯೆ ನನ್ನನ್ನ ಮಲಗಿಸಬೇಡಿ ಅಂತ. ಊರಿಗೆ ಮಾತು ಕೊಟ್ಟಾಗಿತ್ತಲ್ಲ, ಅದಕ್ಕೆ ಕಲ್ಲು ತುಂಬಿ ಮೆರವಣಿಗೆ ಮಾಡಿದ್ರು."

ಗುಂಡಿಯೊಳಗೆ ಇಬ್ಬರು ನಿಂತಿದ್ದಾರೆ, ಅವರಿಗೂ ಕಿವಿಯಿದೆ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ದನದ ಮುಂದೆ ಮನೆಯ ಗುಟ್ಟು ಮಾತಾಡಿದಂತೆ ಮಾತಾಡಿದ.

"ಹಾಗಾದ್ರೆ ತೋಟದಿಂದ ತರಿಸೋಣವಾ ಸರ್?" ಎಂದ ಕರ್ಚೀಫು.

"ತಲೆ ನೆಟ್ಟಗಿದೆಯೇನಯ್ಯ? ಹೋಗಿಹೋಗಿ ತಾತನ್ನ ಇಲ್ಲಿ ತಂದು ಹಾಕ್ತಾರಾ? ಯಾವುದಾದ್ರೂ ಮೂಳೆ ತುಂಬಿಸು. ಪಾಯದಲ್ಲಿ ಸಿಕ್ಕಿತ್ತಲ್ಲ, ಅದೆಲ್ಲಿ?"

"ಮೋರಿಗೆ ಹಾಕಿಸಿದ್ದೀನಿ ಸರ್."

ಇಬ್ಬರೂ ಆಗ ಕೆಳಗೆ ನೋಡಿದರು.

"ಹೋಗಿ ಎತ್ಕೊಂಡು ಬಾ," ಎಂದ ಅಧ್ಯಕ್ಷ ಅವಳಿಗೆ. "ಚೆನ್ನಾಗಿ ತೊಳೆದು ಪೆಟ್ಟಿಗೆಗೆ ತುಂಬು. ನೋಡು, ನಿಮ್ಮವರಿಗೆ ಎಂಥ ಯೋಗ! ಊರೇ ಬಂದು ಕೈಮುಗಿಯುತ್ತೆ." ತನ್ನ ಮಾತಿಗೆ ತಾನೇ ನಕ್ಕು, ಹೊರಡುವ ಮುನ್ನ ನಗು ನಿಲ್ಲಿಸಿ ಹೇಳಿದ: "ಬಾಯಿ ಮುಚ್ಕೊಂಡಿರು. ನಿಮ್ಮ ಗುಡಿಸಲು ಇರೋದು ನಗರಸಭೆ ಜಾಗದಲ್ಲಿ."

*

ವಿಷಯ ಕೇಳಿ ಮುದುಕಿ ಗೋಡೆಗೆ ಉಗಿದಳು. ಉಗುಳಿನಲ್ಲಿ ರಕ್ತವಿತ್ತು.

"ನಮ್ಮವ್ವ ಆ ಬೋಳಿಮಗನ ವೇಷ ಹಾಕ್ಕೊಂಡು ಮಲಗಬೇಕಾ?"

"ಅವ್ವಾ, ಸ್ವಲ್ಪ ಯೋಚನೆ ಮಾಡು," ಎಂದ ಮಗ. ಅವನ ಕಣ್ಣಲ್ಲಿ ಆಸೆಯಿತ್ತು, ಪಾಪ. "ಅವಳ ಜಾಗದಲ್ಲೇ ತಾನೇ ಇಡೋದು? ಹೂವು ಹಾಕ್ತಾರೆ, ವಾದ್ಯ ಊದಿಸ್ತಾರೆ. ನಮ್ಮ ಪೈಕಿ ಯಾರಿಗೆ ಸಿಕ್ಕಿದೆ ಅದು? ನಮ್ಮ ಕೂಸಿಗೆ ಒಂದು ಎಸಳು ಹೂವು ಹಾಕಿದ್ವಾ? ಹೆಸರು ಯಾರದ್ದಾದ್ರೆ ಏನು?"

"ಹೆಸರು ಅವನದ್ದಾದ್ರೆ ಹೂವೂ ಅವನದ್ದೇ ಕಣೋ. ನಮ್ಮವ್ವ ಅವನ ಊರಿನ ಹೆಣದ ಚಾಕರಿ ಮಾಡಿ ಸತ್ಲು. ಸತ್ತ ಮೇಲೂ ಅವನ ಬದಲಿ ಮಲಗ್ತಾಳಾ?"

ಸೊಸೆ ಸಲಿಕೆ ತೆಗೆದುಕೊಂಡು ಮೋರಿಯ ದಂಡೆಗೆ ಹೋದಳು. ಊರು ತನ್ನ ಸತ್ತ ಪ್ರಾಣಿಗಳನ್ನು ಎಸೆಯುತ್ತಿದ್ದುದು ಅಲ್ಲಿ. ಬೇಸಿಗೆಯಲ್ಲಿ ನಗರಸಭೆ ವಿಷ ಇಟ್ಟು ಕೊಂದ ಬೀದಿನಾಯಿಗಳನ್ನು ಕಾಲು ಹಿಡಿದು ಎಳೆದು ತಂದು ಹಾಕಿದವಳೂ ಅವಳೇ. ಕೆಲವು ಇನ್ನೂ ಪೂರ್ತಿ ಕರಗಿರಲಿಲ್ಲ. ಸಲಿಕೆ ತಾಗಿದ ಕಡೆ ಚರ್ಮ ಜಾರಿ, ಕೆಳಗೆ ಬಿಳಿ ಹುಳು ಅಕ್ಕಿ ಬೆಂದಂತೆ ಮಿಸುಕುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಒಣಗಿದ, ದೊಡ್ಡ ತಳಿಯದೊಂದನ್ನು ಆರಿಸಿ, ಎಲುಬೆಲುಬಾಗಿ ಬಿಡಿಸಿ, ಮೋರಿಯ ನೀರಿನಲ್ಲೇ ತೊಳೆದಳು. ಧಣಿಗೆ ಬೇರೆ ನೀರು ತರುವ ಮನಸ್ಸಾಗಲಿಲ್ಲ. ಬುರುಡೆಯನ್ನು ಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದಳು. ಮುಚ್ಚಳ ಎತ್ತಿದವರಿಗೆ ಮೊದಲು ಕಾಣುವುದೇ ಅದು. ಎತ್ತುವವರು ಯಾರು? ಇವರಿಗೆ ಹೇಸಿಗೆ ಇದೆಯಲ್ಲ, ಅದಕ್ಕಿಂತ ಭದ್ರವಾದ ಬೀಗ ಬೇಕೇ? ಬುರುಡೆಯನ್ನೂ ಹಾಕಿಕೊಂಡಳು.

ಪೆಟ್ಟಿಗೆಗೆ ತುಂಬಿದ್ದು ಏನೆಂದು ತಿಳಿದಾಗ ಗಂಡ ಬಿಳಿಚಿಕೊಂಡ. ಮುದುಕಿ ನಗಲು ಹೋಗಿ ಉಸಿರು ಸಿಕ್ಕಿಕೊಂಡು ಒದ್ದಾಡಿದಳು.

"ಅವ್ವನ ಮೇಲೆ ನಾಯಿ ಇಡ್ತೀಯಾ?" ಎಂದಳು ಉಸಿರು ತಿರುಗಿದ ಮೇಲೆ. "ಇರ್ಲಿ ಬಿಡು. ಧಣಿಗಿಂತ ವಾಸಿ."

ಹೊತ್ತು ಮುಳುಗುವ ಮೊದಲೇ ಸೊಸೆ ಪಾಯದ ಗುಂಡಿಗೆ ಇಳಿದಳು. ಈಗ ಅದು ಚೌಕವಾಗಿತ್ತು. ಚೀಲದಲ್ಲಿದ್ದುದನ್ನು ತಳದಲ್ಲಿ ಒಂದೊಂದಾಗಿ ಜೋಡಿಸಿದಳು, ಕೈಗೆ ಸಿಕ್ಕ ಚಿಕ್ಕ ಬುರುಡೆಯನ್ನು ದೊಡ್ಡದರ ಪಕ್ಕಕ್ಕೇ ಇಟ್ಟಳು. ಮೇಲೆ ಗೇಣುದ್ದ ಮಣ್ಣು ಹರಡಿ, ಅಂಗೈಯಲ್ಲಿ ತಟ್ಟಿ ಸಮಮಾಡಿದಳು. ಒಂದು ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟಳು. ಬಂದು ನೋಡಿದ ಕರ್ಚೀಫು ಅಂಚಿನಿಂದಲೇ ಟೇಪು ಇಳಿಬಿಟ್ಟು, "ಆಳ ಕಮ್ಮಿ ಆಯ್ತು, ಆದ್ರೂ ನಡೆಯುತ್ತೆ" ಎಂದು ಹೋದ.

"ಹಾಕಿದೆಯಾ?" ಎಂದು ರಾತ್ರಿ ಗುಡಿಸಲಿನಲ್ಲಿ ಮುದುಕಿ ಕೇಳಿದಳು.

"ಹಾಕಿದೆ. ನಿನಗೂ ಜಾಗ ಬಿಟ್ಟೆ."

"ಕಾಂಕ್ರೀಟು?"

ಸೊಸೆ ಒಲೆಯ ಕಡೆ ತಿರುಗಿ ಕೂತಳು.

*

ಬೆಳಿಗ್ಗೆ ಊರಿಗೆ ಊರೇ ಬಂದಿತ್ತು. ಮೇಲಿನ ನೆಲದ ತುಂಬ ಕುರ್ಚಿ. ಹಿಂದಿನ ಗೋಡೆಯ ಸಂದಿ ಕಾಣಬಾರದೆಂದು ಬಣ್ಣದ ಬಟ್ಟೆ ಇಳಿಬಿಟ್ಟಿದ್ದರು. ಅದರ ಹಿಂದೆ ಗಂಡ ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದ. ನೋಡಲೇಬೇಕು ಎಂದು ಅವಳು ಹಟ ಹಿಡಿದಿದ್ದಳು. ಬಟ್ಟೆ ಸುತ್ತಿದ ಕಂಚಿನ ಧಣಿ ಪಕ್ಕದಲ್ಲಿ ಮರದ ದಿಮ್ಮಿಗಳ ಮೇಲೆ ಅಂಗಾತ ಮಲಗಿದ್ದ, ಪಾಯ ಒಣಗಿದ ಮೇಲೆ ಎಬ್ಬಿಸಬೇಕಿತ್ತು. ಗುಂಡಿಯ ಆಚೆ ಬದಿಯಲ್ಲಿ ಕಾಂಕ್ರೀಟಿನ ಯಂತ್ರ ಗಡಗಡ ತಿರುಗುತ್ತಿತ್ತು.

ಪೆಟ್ಟಿಗೆಯನ್ನು ವಾದ್ಯದೊಂದಿಗೆ ತಂದರು. ಅಧ್ಯಕ್ಷ ಹೆಗಲು ಕೊಟ್ಟಿದ್ದ. ಮೇಷ್ಟ್ರು ಚರಿತ್ರೆ ಓದಿದರು, ಬರಡು ಭೂಮಿ ಬಂತು, ಪಾದಸ್ಪರ್ಶ ಬಂತು, ಅಲೆಮಾರಿಗಳು ಬಂದು ಹೋದರು. ಪುರೋಹಿತ ಮಂತ್ರ ಹೇಳಿ, ಪೆಟ್ಟಿಗೆಯ ಮುಚ್ಚಳವನ್ನು ಮುಟ್ಟಿ ಆ ಕೈಯನ್ನು ಹಣೆಗೂ ತುಟಿಗೂ ಒತ್ತಿಕೊಂಡ. ಜನ ಸಾಲಾಗಿ ಬಂದು ಹಾಗೆಯೇ ಒತ್ತಿಕೊಂಡರು. ಒಬ್ಬ ಮುತ್ತಜ್ಜಿ ಪೆಟ್ಟಿಗೆಗೆ ಕೆನ್ನೆ ತಾಗಿಸಿ ಅತ್ತಳು.

ಗುಂಡಿಗೆ ಇಳಿದು ಪೆಟ್ಟಿಗೆಯನ್ನು ಹಿಡಿದುಕೊಳ್ಳುವ ಕೆಲಸ ಸೊಸೆಯದು. ಅದನ್ನು ಬೇರೆ ಯಾರೂ ಮಾಡುವುದಿಲ್ಲ. ಅವಳು ಇಳಿದು, ಹಗ್ಗದಲ್ಲಿ ಬಂದ ಪೆಟ್ಟಿಗೆಯನ್ನು ನಡುವೆ ಇರಿಸಿ, ತಲೆಯೆತ್ತಿದಳು. ಸುತ್ತ ಅಂಚಿನ ಮೇಲೆ ಇಡೀ ಊರು ತಲೆ ಬಾಗಿಸಿ, ಕೈ ಮುಗಿದು ನಿಂತಿತ್ತು. ಹೂವು ಬಿದ್ದವು, ಅರ್ಧ ಪೆಟ್ಟಿಗೆಯ ಮೇಲೆ, ಅರ್ಧ ಅವಳ ತಲೆಯ ಮೇಲೆ. ತನ್ನ ಪಾದದ ಕೆಳಗೆ ಗೇಣು ಮಣ್ಣಿನಾಚೆ ಇರುವವರ ಮಕ್ಕಳನ್ನು ಈ ಜನದ ಅಪ್ಪ ಅಜ್ಜಂದಿರು ಗುಡಿಸಲಿಗೆ ಬೆಂಕಿ ಇಟ್ಟು ಓಡಿಸಿದ್ದು, ಇವರು ಆ ಮೂಳೆಯನ್ನು ಚೀಲಕ್ಕೆ ತುಂಬಿಸಿ ಹೇಲಿನ ನೀರಿಗೆ ಎಸೆ ಎಂದದ್ದು, ಈಗ ನಾಯಿಗೆ ಕೈಮುಗಿದು ಕಣ್ಣೀರು ಹಾಕುತ್ತಿರುವುದು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳಿಗೆ ಭಯವಾಗಲಿಲ್ಲ, ಸಿಟ್ಟೂ ಅಷ್ಟಾಗಿ ಬರಲಿಲ್ಲ. ಅಸಹ್ಯವಾಯಿತು. ಮೈಮೇಲೆ ಬಿದ್ದ ಹೂವನ್ನು ಹೇನು ಕೊಡವಿದಂತೆ ಕೊಡವಿದಳು.

"ಸಾಕು, ಮೇಲೆ ಬಾ," ಎಂದ ಕರ್ಚೀಫು. ಅಧ್ಯಕ್ಷನ ಕೈಗೆ ಬಾಂಡಲಿ ಕೊಟ್ಟಿದ್ದರು. ಅದಕ್ಕೆ ರಿಬ್ಬನ್ ಕಟ್ಟಿತ್ತು.

ಅವಳು ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಮಣ್ಣಿನ ಮೇಲೆ ಕೂತಳು.

"ಏಯ್, ಬಾರೇ ಮೇಲೆ! ಕಾಂಕ್ರೀಟು ಗಟ್ಟಿಯಾಗ್ತಿದೆ."

"ಮಣ್ಣು ಹಾಕೋದಾದ್ರೆ ಬರ್ತೀನಿ. ಇದನ್ನ ಹಾಕೋದಾದ್ರೆ ಬರಲ್ಲ."

ಅಧ್ಯಕ್ಷ ನಗುತ್ತಲೇ ಬಗ್ಗಿ, ಹಲ್ಲಿನ ನಡುವೆ ಹೇಳಿದ: "ನಾಳೆ ನಿನ್ನ ಗುಡಿಸಲು ಇರಲ್ಲ, ಹಡಬೆ. ಏಳು."

ಆಗ ಅವಳು ಪೆಟ್ಟಿಗೆಯ ಮುಚ್ಚಳ ತೆರೆದಳು. ಬುರುಡೆಯನ್ನು ಎತ್ತಿ, ಕೈ ಚಾಚಿ, ಗುಂಡಿಯ ಅಂಚಿನಲ್ಲಿ ಜನರ ಕಡೆ ಮುಖ ಮಾಡಿ ಇಟ್ಟಳು. ಉದ್ದ ಮೂತಿ, ಕೋರೆಹಲ್ಲು. ಅದು ಏನೆಂದು ಗುರುತಿಸಲು ಯಾರಿಗೂ ಓದು ಬೇಕಿರಲಿಲ್ಲ.

"ನೀವು ಮುತ್ತು ಕೊಟ್ಟಿದ್ದು ಇದಕ್ಕೆ," ಎಂದಳು. ಅವಳ ದನಿ ಅಂಥ ದೊಡ್ಡದೇನಲ್ಲ. ಆದರೆ ವಾದ್ಯ ನಿಂತಿತ್ತು. "ಧಣಿ ಅವರ ತೋಟದಲ್ಲಿದ್ದಾನೆ. ನಿಮ್ಮ ಪಕ್ಕ ಮಲಗೋಕೆ ಅವನಿಗೆ ಹೇಸಿಗೆಯಂತೆ. ಗೋರಿಯಲ್ಲಿದ್ದಿದ್ದು ಕಲ್ಲು. ಕೇಳಿ, ಮೊಮ್ಮಗನೇ ಹೇಳಿದ್ದು. ಇಲ್ಲಿ ಕೆಳಗಿರೋದು ನಮ್ಮತ್ತೆಯ ಅವ್ವ. ನೀವು ಗಾಡಿಯಲ್ಲಿ ತಂದು ಎಸೆದು ಹೋದ ನಿಮ್ಮವರೂ ಇಲ್ಲೇ ಇದ್ದಾರೆ. ನನ್ನತ್ತೆಗೆ ಇಲ್ಲಿ ಜಾಗ ಬಿಟ್ಟಿದ್ದೀನಿ. ಇದರ ಮೇಲೆ ಕಲ್ಲು ಸುರಿಯೋಕೆ ನಾನು ಬಿಡಲ್ಲ."

ಮುಂದಿನ ಸಾಲಿನಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು. ಪುರೋಹಿತ ತುಟಿಯನ್ನು ಅಂಗೈಯಿಂದ, ಆಮೇಲೆ ಅಂಗೈಯನ್ನು ಪಂಚೆಗೆ, ಉಜ್ಜುತ್ತಲೇ ಇದ್ದ. ಮೇಷ್ಟ್ರು ಕೈಯಲ್ಲಿದ್ದ ಕಾಗದಗಳನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೆಲವರು ಅಧ್ಯಕ್ಷನ ಮುಖ ನೋಡಿದರು. ಅಲ್ಲಿ ನಗು ಇರಲಿಲ್ಲ.

"ಹುಚ್ಚು ಹಿಡಿದಿದೆ ಇವಳಿಗೆ," ಎಂದ ಅವನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ಸುರೀರಿ. ಮೈಮೇಲೆ ಬಿದ್ರೆ ತಾನಾಗೇ ಎದ್ದು ಬರ್ತಾಳೆ."

ಕಾಂಕ್ರೀಟು ಹೊರುವ ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ತುಂಬಿದ ಬಾಂಡಲಿಯನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ನಿಂತ. ಕರ್ಚೀಫು ಅದನ್ನು ತಾನೇ ಎತ್ತಿಕೊಂಡು ಅಂಚಿಗೆ ಬಂದ.

"ಏಳ್ತೀಯೋ ಇಲ್ವೋ?"

ಬಣ್ಣದ ಬಟ್ಟೆಯ ಹಿಂದಿನಿಂದ ಮುದುಕಿಯ ಗಂಟಲು ಸೀಳಿಕೊಂಡು ಬಂತು: "ಏಳಬೇಡ ಕಣೇ! ಅಲ್ಲೇ ಕೂತಿರು!" ಅವಳ ಹಿಂದೆಯೇ, ಯಾರೂ ನಿರೀಕ್ಷಿಸದಂತೆ, ಅವಳ ಮಗನೂ ಕೂಗಿದ. ಏನು ಕೂಗಿದನೆಂದು ಕೆಮ್ಮಿನಲ್ಲಿ ತಿಳಿಯಲಿಲ್ಲ.

ಬಾಂಡಲಿ ಬೋರಲಾಯಿತು. ತಣ್ಣಗಿನ, ಜಲ್ಲಿ ಬೆರೆತ ಬೂದುಬಣ್ಣದ ರಾಡಿ ಸೊಸೆಯ ತೊಡೆಯ ಮೇಲೆ ಧಪ್ಪೆಂದು ಬಿತ್ತು. ಕೆಳಗಿನ ಮಣ್ಣಿಗೆ ಇಳಿಯುವ ಮುಂಚೆ ಅವಳು ಎರಡೂ ಕೈಯಲ್ಲಿ ಅದನ್ನು ಬಾಚಿ, ಮೇಲಕ್ಕೆ, ಅಧ್ಯಕ್ಷನ ಬಿಳಿ ಬಟ್ಟೆಯ ಮೇಲೆ ಎಸೆದಳು. ಎಸೆದು ಮತ್ತೆ ಕೂತು, ಕಾಲು ಅಗಲಿಸಿ, ಆದಷ್ಟು ಮಣ್ಣನ್ನು ತನ್ನ ಮೈಯಿಂದ ಮುಚ್ಚಿಕೊಂಡಳು. ಯಂತ್ರ ತಿರುಗುತ್ತಲೇ ಇತ್ತು. ಕರ್ಚೀಫು ಎರಡನೇ ಬಾಂಡಲಿಗೆ ಕೈ ಚಾಚಿದ.